ಆಕ್ಟೇವ್‌ನಲ್ಲಿ ಫಂಕ್ಷನ್‌ನ ಗ್ರಾಫ್ ಬಿಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವುದು ಗ್ನೂ ಆಕ್ಟೇವ್ ಬಳಸುವವರಿಗಾಗಿ. ಇದೇ ಬಗೆಯ ಇನ್ನೊಂದು ತಂತ್ರಾಂಶವಾದ ಮ್ಯಾಟ್‌ಲ್ಯಾಬ್‌ನಲ್ಲೂ ಬಹುಪಾಲು ಹೀಗೆಯೇ ನಡೆಯುತ್ತದೆ. ಆದೇಶಗಳನ್ನು ಬಾಯಲ್ಲಿ ಹೇಳುವಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ. ಕೀಲಿಮಣೆಯಲ್ಲಿ ಒತ್ತುವಾಗ ಇಂಗ್ಲಿಷಿನ ಚಿಕ್ಕಕ್ಷರಗಳನ್ನೇ ಬಳಸಿ. 'ಲಿನ್‌ಸ್ಪೇಸ್' ನಡುವೆ ಜಾಗವಿಲ್ಲದ ಒಂದೇ ಪದ; 'ಸಿನ್' ಎಂದರೆ ಎಸ್-ಐ-ಎನ್; 'ಎಕ್ಸ್', 'ವೈ', 'ಎಫ್' ಒಂದೊಂದೇ ಅಕ್ಷರ. 'ನ್ಯಾನ್' ಮಾತ್ರ ಎನ್-ಎ-ಎನ್, ಅದರಲ್ಲಿ ಎರಡೂ ಎನ್ ದೊಡ್ಡಕ್ಷರ. ಅಂಕಿ, ಆವರಣ, ಚುಕ್ಕಿ, ಅಲ್ಪವಿರಾಮಗಳು ಇಲ್ಲಿ ಇರುವಂತೆಯೇ ಬರಬೇಕು.

ಆಕ್ಟೇವ್ ಎಂದರೇನು? ದುಡ್ಡು ಕೊಡಬೇಕೇ?

ಕೊಡಬೇಕಿಲ್ಲ. ಸಂಖ್ಯೆಗಳ ಸಾಲು ಮತ್ತು ಮ್ಯಾಟ್ರಿಕ್ಸ್‌ಗಳ ಮೇಲೆ ನೇರವಾಗಿ ಲೆಕ್ಕ ಮಾಡುವ ಭಾಷೆ ಇದು, ಮುಕ್ತ ತಂತ್ರಾಂಶ. ಅಮೆರಿಕದ ರಾಸಾಯನಿಕ ಎಂಜಿನಿಯರಿಂಗ್ ಪಠ್ಯವೊಂದಕ್ಕೆ ಜೊತೆಯಾಗಲೆಂದು 1988ರ ಸುಮಾರಿಗೆ ಯೋಚಿಸಿದ್ದನ್ನು ಜಾನ್ ಈಟನ್ 1992ರಲ್ಲಿ ಪೂರ್ಣಾವಧಿಯಾಗಿ ಬರೆಯತೊಡಗಿದರು. 1.0 ಆವೃತ್ತಿ ಬಂದದ್ದು 1994ರಲ್ಲಿ. ಹೆಸರಿಗೂ ಸಂಗೀತದ ಸಪ್ತಕಕ್ಕೂ ಸಂಬಂಧವಿಲ್ಲ. ಅದು ಆಕ್ಟೇವ್ ಲೆವೆನ್‌ಸ್ಪೀಲ್ ಎಂಬ ಪ್ರಾಧ್ಯಾಪಕರ ಹೆಸರು. ವಿಂಡೋಸ್‌ಗೆ ಇನ್‌ಸ್ಟಾಲರ್ ಇದೆ, ಉಬುಂಟುವಿನಲ್ಲಿ ಸಾಫ್ಟ್‌ವೇರ್ ಭಂಡಾರದಿಂದಲೇ ಹಾಕಿಕೊಳ್ಳಬಹುದು.

ಮೂರೇ ಸಾಲಿನಲ್ಲಿ ಒಂದು ಗ್ರಾಫ್ ಬರಬೇಕು. ಹೇಗೆ?

ಎಕ್ಸ್ = ಲಿನ್‌ಸ್ಪೇಸ್(0, 2*ಪೈ, 200);
ವೈ = ಸಿನ್(ಎಕ್ಸ್);
ಪ್ಲಾಟ್(ಎಕ್ಸ್, ವೈ)

ಮೊದಲ ಸಾಲು 0ಯಿಂದ 2ಪೈವರೆಗೆ ಸಮಾನ ಅಂತರದ 200 ಬಿಂದುಗಳನ್ನು ಮಾಡುತ್ತದೆ. ಎರಡೂ ತುದಿಗಳು ಅದರಲ್ಲಿ ಸೇರಿವೆ. ಎರಡನೆಯದು ಪ್ರತಿ ಬಿಂದುವಿಗೂ ಸೈನ್ ಲೆಕ್ಕ ಹಾಕುತ್ತದೆ. ಮೂರನೆಯದು ಪಕ್ಕಪಕ್ಕದ ಬಿಂದುಗಳನ್ನು ಸರಳರೇಖೆಯಿಂದ ಜೋಡಿಸುತ್ತದೆ. ಸಾಲಿನ ಕೊನೆಯ ಅರ್ಧವಿರಾಮ ಮರೆತರೆ 200 ಸಂಖ್ಯೆಗಳೂ ಪರದೆಯ ಮೇಲೆ ಉದ್ದಕ್ಕೂ ಸುರಿಯುತ್ತವೆ. ತಪ್ಪೇನಲ್ಲ, ಕಿರಿಕಿರಿ ಅಷ್ಟೇ.

ಇದರ ಮೇಲೆ ಗ್ರಿಡ್ ಆನ್, ಎಕ್ಸ್‌ಲೇಬಲ್('...'), ವೈಲೇಬಲ್('...'), ಟೈಟಲ್('...') ಸೇರಿಸಿದರೆ ಲ್ಯಾಬ್ ರೆಕಾರ್ಡ್‌ಗೆ ಸಾಕಾಗುವ ಚಿತ್ರ ಸಿಗುತ್ತದೆ.

ಮೂರನೆಯ ಸಾಲಿನ ಕೆಲಸವನ್ನು ಇನ್ನೊಮ್ಮೆ ಗಮನಿಸಿ. ಪ್ಲಾಟ್‌ಗೆ ಸೈನ್ ಎಂದರೇನೆಂದು ಗೊತ್ತೇ ಇಲ್ಲ. ಅದರ ಕೈಗೆ ಸಿಗುವುದು ಎರಡು ಸಂಖ್ಯಾ ಸಾಲುಗಳು ಮಾತ್ರ. ಎರಡು ಬಿಂದುಗಳ ನಡುವೆ ಫಂಕ್ಷನ್ ಏನು ಮಾಡುತ್ತಿದೆ ಎಂಬುದು ಅದಕ್ಕೆ ಕಾಣದು. ಗ್ರಾಫ್ ವಿಚಿತ್ರವಾಗಿ ಬಂತು ಎನ್ನುವ ದೂರುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ.

ಎಷ್ಟು ಬಿಂದುಗಳು ಬೇಕು? 100 ಸಾಲದೇ?

ಲಿನ್‌ಸ್ಪೇಸ್‌ಗೆ ಮೂರನೆಯ ಸಂಖ್ಯೆ ಕೊಡದಿದ್ದರೆ ಅದು ತಾನಾಗಿ 100 ಬಿಂದು ತೆಗೆದುಕೊಳ್ಳುತ್ತದೆ. ನಿಧಾನವಾಗಿ ಬಾಗುವ ಫಂಕ್ಷನ್‌ಗೆ ಇದು ಸಾಕು. ವೇಗವಾಗಿ ಏರಿಳಿಯುವುದಕ್ಕೆ ಸಾಲದು. ಬರುವ ಚಿತ್ರ ಒರಟಾಗಿದ್ದರೆ ತಪ್ಪು ಕಣ್ಣಿಗೆ ಬೀಳುತ್ತದೆ, ಆದರೆ ಕೆಲವೊಮ್ಮೆ ಪೂರಾ ಸುಳ್ಳು ಚಿತ್ರವೇ ನುಣ್ಣಗೆ ಬಂದುಬಿಡುತ್ತದೆ. ಇದನ್ನು ನೀವೇ ಮಾಡಿ ನೋಡಿ:

ಎಕ್ಸ್ = ಲಿನ್‌ಸ್ಪೇಸ್(0, 2*ಪೈ, 100);
ಪ್ಲಾಟ್(ಎಕ್ಸ್, ಸಿನ್(100*ಎಕ್ಸ್))

ನೂರು ಅಲೆಗಳು ಕಾಣಬೇಕಿತ್ತು. ಕಾಣುವುದು ಒಂದೇ ಒಂದು ಅಲೆ, ಥೇಟು ಸಿನ್(ಎಕ್ಸ್). ಕಾರಣ ಲೆಕ್ಕದಲ್ಲೇ ಇದೆ. 100 ಬಿಂದುಗಳ ನಡುವೆ 99 ಅಂತರಗಳು; ಒಂದು ಅಂತರ 2ಪೈ/99. 0ಯಿಂದ ಎಣಿಸಿದಾಗ ಕ್ರಮಸಂಖ್ಯೆ 'ಕೆ' ಇರುವ ಬಿಂದುವಿನಲ್ಲಿ 100*ಎಕ್ಸ್ ಎಂದರೆ 'ಕೆ' ಪೂರ್ಣ ಸುತ್ತುಗಳು ಮತ್ತು ಅದರ ಮೇಲೆ 2*ಪೈ*ಕೆ/99. ಪೂರ್ಣ ಸುತ್ತುಗಳನ್ನು ಸೈನ್ ಎಣಿಸುವುದಿಲ್ಲ, ಉಳಿದದ್ದು ಎಕ್ಸ್ ಮಾತ್ರ. ಪ್ರತಿ ಬಿಂದುವೂ ಸರಿಯಾದ ಜಾಗದಲ್ಲೇ ಇದೆ, ಚಿತ್ರ ಮಾತ್ರ ಬೇರೆ ಫಂಕ್ಷನ್‌ನದು.

ಬಿಂದುಗಳನ್ನು 100 ಆಗಿಯೇ ಬಿಟ್ಟು, ಸಿನ್ ಒಳಗಿನ 100ರ ಜಾಗದಲ್ಲಿ ಮಾತ್ರ 99 ಹಾಕಿದರೆ ಎಲ್ಲ ಬಿಂದುಗಳೂ ಸೊನ್ನೆಯ ಮೇಲೆ ಬೀಳುತ್ತವೆ. ಆದರೆ ಪರದೆಯ ಮೇಲೆ ಅಡ್ಡಾದಿಡ್ಡಿ ಗೆರೆಗಳು ಕಾಣುತ್ತವೆ, ಏಕೆಂದರೆ ಆಕ್ಟೇವ್ ಲಂಬ ಅಕ್ಷವನ್ನು ತಾನೇ ಹಿಗ್ಗಿಸಿ ದಶಮಾಂಶದ ಕೊನೆಯ ಸ್ಥಾನಗಳ ಅಂದಾಜು ದೋಷವನ್ನು ತೋರಿಸುತ್ತಿರುತ್ತದೆ. ಲಂಬ ಅಕ್ಷದ ಮೇಲಿನ ಅಂಕಿಗಳನ್ನು ಓದದೆ ಯಾವ ಗ್ರಾಫನ್ನೂ ನಂಬಬೇಡಿ.

ನಾವು ಬಳಸುವ ಅಳತೆ: ಒಂದು ಪೂರ್ಣ ಅಲೆಗೆ ಕನಿಷ್ಠ 20 ಬಿಂದು. ನೂರು ಅಲೆಗಳಿದ್ದರೆ 2000. ಅಲೆಗಳೆಷ್ಟು ಎಂದೇ ತಿಳಿಯದಿದ್ದರೆ ಒಮ್ಮೆ 400 ಬಿಂದುಗಳಲ್ಲಿ, ಇನ್ನೊಮ್ಮೆ 1317ರಂಥ ಸಂಬಂಧವಿಲ್ಲದ ಸಂಖ್ಯೆಯಲ್ಲಿ ಬಿಡಿಸಿ. ಎರಡೂ ಚಿತ್ರ ಒಂದೇ ಆಗಿದ್ದರೆ ನೆಮ್ಮದಿ. ಬೇರೆಯಾಗಿದ್ದರೆ ಬಿಂದುಗಳು ಸಾಲದು.

ಲಿನ್‌ಸ್ಪೇಸ್ ಬದಲು 0:0.1:2*ಪೈ ಎಂದು ಬರೆಯಬಹುದೇ?

ಬರೆಯಬಹುದು. ಆದರೆ 0.1ರಂತೆ ಹೆಜ್ಜೆ ಹಾಕುತ್ತ ಹೋದರೆ 6.2ಕ್ಕೆ ನಿಲ್ಲುತ್ತದೆ, 6.2832 ಸಾಲಿನಲ್ಲಿ ಇರುವುದಿಲ್ಲ. ಅಲೆ ಮುಗಿಯುವ ಮೊದಲೇ ಗೆರೆ ಕಡಿದುಹೋಗುತ್ತದೆ, ವೃತ್ತ ಬಿಡಿಸಿದರೆ ಬಾಯಿ ತೆರೆದುಕೊಂಡಿರುತ್ತದೆ. ಹೆಜ್ಜೆಯ ಅಳತೆ ಮುಖ್ಯವಾದಾಗ ಕೋಲನ್, ತುದಿಗಳು ಮುಖ್ಯವಾದಾಗ ಲಿನ್‌ಸ್ಪೇಸ್. ಗ್ರಾಫ್‌ಗೆ ಹೆಚ್ಚಾಗಿ ಎರಡನೆಯದೇ ಬೇಕು.

ಎಕ್ಸ್^2 ಎಂದರೆ ದೋಷ ಬರುತ್ತಿದೆ. 'ನಾನ್‌ಕನ್ಫಾರ್ಮಂಟ್' ಎಂದರೇನು?

ಹೊಸಬರು ಮೊದಲು ಎಡವುವುದು ಇಲ್ಲಿಯೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಆಕ್ಟೇವ್‌ನಲ್ಲಿ *, / ಮತ್ತು ^ ಮೂರೂ ಮ್ಯಾಟ್ರಿಕ್ಸ್ ಲೆಕ್ಕದ ಗುರುತುಗಳು. ನಿಮ್ಮ ಎಕ್ಸ್ 1×200 ಅಳತೆಯ ಅಡ್ಡಸಾಲು. ಅಡ್ಡಸಾಲಿಗೆ ಮ್ಯಾಟ್ರಿಕ್ಸ್ ಅರ್ಥದಲ್ಲಿ ವರ್ಗವೇ ಇಲ್ಲ, ಹಾಗಾಗಿ ಎಕ್ಸ್^2 ಕೊಟ್ಟಾಗ ಚೌಕ ಮ್ಯಾಟ್ರಿಕ್ಸ್ ಬೇಕು ಎಂಬ ದೂರು. ಎಕ್ಸ್*ಸಿನ್(ಎಕ್ಸ್) ಕೊಟ್ಟರೆ 1×200ರ ಜೊತೆ 1×200 ಗುಣಾಕಾರಕ್ಕೆ ಹೊಂದುವುದಿಲ್ಲ ಎಂಬ ದೂರು. ನಾನ್‌ಕನ್ಫಾರ್ಮಂಟ್ ಎನ್ನುವುದು ಈ ಹೊಂದದಿರುವಿಕೆಗೆ. ನಿಮಗೆ ಬೇಕಾದದ್ದು ಪ್ರತಿ ಸಂಖ್ಯೆಯ ಮೇಲೂ ಬಿಡಿಬಿಡಿಯಾಗಿ ಲೆಕ್ಕ. ಅದಕ್ಕೆ ಗುರುತಿನ ಮೊದಲು ಚುಕ್ಕಿ ಇಡಬೇಕು: .* ./ .^

ವೈ = ಎಕ್ಸ್.^2 .* ಸಿನ್(ಎಕ್ಸ್) + 3*ಎಕ್ಸ್ - 1;

3*ಎಕ್ಸ್‌ಗೆ ಚುಕ್ಕಿ ಬೇಡ, ಒಂದು ಬದಿ ಬಿಡಿ ಸಂಖ್ಯೆಯಿದೆ. ಕೂಡು, ಕಳೆಗೂ ಬೇಡ. ಆದರೆ 1/ಎಕ್ಸ್‌ಗೆ ಬೇಕು: 1./ಎಕ್ಸ್. ಇಲ್ಲಿ ಬಿಡಿ ಸಂಖ್ಯೆ ಮೇಲಿದೆ, ಸಾಲು ಕೆಳಗಿದೆ. ಭಾಗಾಕಾರದಲ್ಲಿ ಸಾಲು ಕೆಳಗಿದ್ದರೆ ಚುಕ್ಕಿ ಕಡ್ಡಾಯ ಎಂದು ನೆನಪಿಟ್ಟುಕೊಳ್ಳಿ.

ಇದರಲ್ಲೊಂದು ಮೋಸದ ಗುಂಡಿ ಇದೆ. ಸಿನ್(ಎಕ್ಸ್)/ಎಕ್ಸ್ ಎಂದು ಚುಕ್ಕಿಯಿಲ್ಲದೆ ಬರೆದರೆ ಯಾವ ದೋಷವೂ ಬರುವುದಿಲ್ಲ. ಒಂದೇ ಉದ್ದದ ಎರಡು ಅಡ್ಡಸಾಲುಗಳ ಮ್ಯಾಟ್ರಿಕ್ಸ್ ಭಾಗಾಕಾರಕ್ಕೆ ಆಕ್ಟೇವ್‌ನಲ್ಲಿ ಅರ್ಥವಿದೆ: ಕನಿಷ್ಠ ವರ್ಗ ವಿಧಾನದಲ್ಲಿ ಅತಿ ಹೊಂದುವ ಗುಣಕವನ್ನು ಅದು ಕೊಡುತ್ತದೆ. ಅಂದರೆ 200 ಸಂಖ್ಯೆಗಳ ಬದಲು ಒಂದೇ ಸಂಖ್ಯೆ. ಪ್ಲಾಟ್ ಮಾಡಿದರೆ ಕಿಟಕಿ ತೆರೆಯುತ್ತದೆ, ವಕ್ರರೇಖೆ ಮಾತ್ರ ಇಲ್ಲ. ಹೀಗಾದಾಗ ಸೈಜ್(ವೈ) ಎಂದು ಕೇಳಿ. ಉತ್ತರ 1 1 ಎಂದು ಬಂದರೆ ಎಲ್ಲೋ ಒಂದು ಚುಕ್ಕಿ ಬಿಟ್ಟುಹೋಗಿದೆ.

ವೈ = 5 ಎಂಬ ಅಡ್ಡಗೆರೆ ಏಕೆ ಮೂಡುವುದಿಲ್ಲ?

ಅದೇ ಕಾರಣ. ವೈ ಒಂದೇ ಸಂಖ್ಯೆ, ಜೋಡಿಸಲು ಬಿಂದುಗಳಿಲ್ಲ. ವೈ = 5*ಒನ್ಸ್(ಸೈಜ್(ಎಕ್ಸ್)) ಎಂದು ಬರೆಯಿರಿ.

ಸಿನ್(ಎಕ್ಸ್)./ಎಕ್ಸ್ ಗ್ರಾಫ್‌ನಲ್ಲಿ ಸೊನ್ನೆಯ ಹತ್ತಿರ ಸಣ್ಣ ಬಿರುಕು ಏಕೆ?

ಲಿನ್‌ಸ್ಪೇಸ್(-10, 10, 201) ಎಂದಾಗ ನಡುವಿನ ಬಿಂದು ಸರಿಯಾಗಿ 0. ಅಲ್ಲಿ 0/0 ಆಗಿ ಉತ್ತರ ನ್ಯಾನ್, ಅಂದರೆ 'ಸಂಖ್ಯೆಯಲ್ಲ'. ನ್ಯಾನ್ ಇರುವ ಕಡೆ ಆಕ್ಟೇವ್ ಗೆರೆಯನ್ನು ಮುರಿಯುತ್ತದೆ. 200 ಬಿಂದು ತೆಗೆದುಕೊಂಡರೆ ಸೊನ್ನೆ ಸಾಲಿನಲ್ಲೇ ಬರುವುದಿಲ್ಲ, ಬಿರುಕೂ ಇರುವುದಿಲ್ಲ. ಅದು ಅದೃಷ್ಟದ ಮೇಲೆ ನಿಂತ ಪರಿಹಾರ. ಸರಿಯಾದದ್ದು ಮಿತಿಯ ಬೆಲೆಯನ್ನು ನಾವೇ ತುಂಬುವುದು:

ವೈ(ಎಕ್ಸ್==0) = 1;

ಆಕ್ಟೇವ್‌ನಲ್ಲಿ ಸಿಂಕ್ (ಎಸ್-ಐ-ಎನ್-ಸಿ) ಎಂಬ ಸಿದ್ಧ ಫಂಕ್ಷನ್ ಇದೆಯಲ್ಲ ಎಂದು ಅದನ್ನು ಬಳಸುವವರು ಒಂದು ವಿಷಯ ನೋಡಿಕೊಳ್ಳಬೇಕು: ಅದು ಸಿನ್(ಪೈ*ಎಕ್ಸ್)/(ಪೈ*ಎಕ್ಸ್). ನಿಮ್ಮ ಪುಸ್ತಕದ ಸೂತ್ರದಲ್ಲಿ ಪೈ ಇಲ್ಲದಿದ್ದರೆ ಗ್ರಾಫ್ ಅಡ್ಡಲಾಗಿ ಕುಗ್ಗಿರುತ್ತದೆ.

ಟ್ಯಾನ್(ಎಕ್ಸ್)‌ನಲ್ಲಿ ನೆಟ್ಟಗೆ ನಿಂತ ಗೆರೆಗಳು ಬರುತ್ತಿವೆ, ಉಳಿದದ್ದು ಚಪ್ಪಟೆ. ಏನು ಮಾಡಲಿ?

ಪೈ/2ರ ಎಡಕ್ಕೆ ಬೆಲೆ ದೊಡ್ಡ ಧನಸಂಖ್ಯೆ, ಬಲಕ್ಕೆ ದೊಡ್ಡ ಋಣಸಂಖ್ಯೆ. ನಡುವೆ ಫಂಕ್ಷನ್‌ಗೆ ಬೆಲೆಯೇ ಇಲ್ಲ ಎಂಬುದು ಪ್ಲಾಟ್‌ಗೆ ಗೊತ್ತಿಲ್ಲ. ಎಂದಿನಂತೆ ಎರಡನ್ನೂ ಗೆರೆಯಿಂದ ಜೋಡಿಸುತ್ತದೆ. ಅಕ್ಷವೂ ಆ ದೊಡ್ಡ ಸಂಖ್ಯೆಗಳಿಗೆ ತಕ್ಕಂತೆ ಹಿಗ್ಗಿ ಉಳಿದ ಭಾಗ ನೆಲಕಚ್ಚುತ್ತದೆ.

ಎಕ್ಸ್ = ಲಿನ್‌ಸ್ಪೇಸ್(-5, 5, 1000);
ವೈ = ಟ್ಯಾನ್(ಎಕ್ಸ್);
ವೈ(ಎಬಿಎಸ್(ವೈ) > 20) = ನ್ಯಾನ್;
ಪ್ಲಾಟ್(ಎಕ್ಸ್, ವೈ)
ವೈಲಿಮ್([-10 10])

ಹಿಂದಿನ ಪ್ರಶ್ನೆಯಲ್ಲಿ ಬೇಡವಾಗಿದ್ದ ನ್ಯಾನ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಕತ್ತರಿಸುವುದು 20ಕ್ಕೆ, ತೋರಿಸುವುದು 10ರವರೆಗೆ ಮಾತ್ರ. ಹಾಗಾಗಿ ಗೆರೆ ಚೌಕಟ್ಟಿನ ಅಂಚಿನವರೆಗೂ ಹೋಗಿ ದಾಟಿದಂತೆ ಕಾಣುತ್ತದೆ. ಎರಡೂ 10 ಇಟ್ಟರೆ ಅಂಚಿಗೆ ಮೊದಲೇ ತುಂಡಾದೀತು.

ಟ್ಯಾನ್(ಪೈ/2) ಎಂದು ಕೇಳಿದರೂ ಆಕ್ಟೇವ್ ಅನಂತ ಎನ್ನುವುದಿಲ್ಲ, 1.6331ನ್ನು 10ರ 16ನೇ ಘಾತದಿಂದ ಗುಣಿಸಿದ ಸಂಖ್ಯೆ ಕೊಡುತ್ತದೆ. ಕಂಪ್ಯೂಟರಿನೊಳಗಿನ ಪೈ ನಿಜವಾದ ಪೈಗಿಂತ ಕೂದಲೆಳೆಯಷ್ಟು ಕಡಿಮೆ.

ವರ್ಗಮೂಲ, ಲಾಗ್, ಘನಮೂಲಗಳ ಗ್ರಾಫ್ ಸೊನ್ನೆಯ ಎಡಕ್ಕೆ ತಪ್ಪಾಗಿದೆ.

ಋಣಸಂಖ್ಯೆಯ ವರ್ಗಮೂಲ ಕೇಳಿದಾಗ ಆಕ್ಟೇವ್ ನಿರಾಕರಿಸುವುದಿಲ್ಲ, ಸಂಕೀರ್ಣ ಸಂಖ್ಯೆ ಕೊಡುತ್ತದೆ. ಪ್ಲಾಟ್ ಅದರ ವಾಸ್ತವ ಭಾಗವನ್ನಷ್ಟೇ ಬಿಡಿಸುತ್ತದೆ. ಹಾಗಾಗಿ ವರ್ಗಮೂಲಕ್ಕೆ ಎಡಗಡೆ ಸೊನ್ನೆಯ ಮೇಲೆ ಚಪ್ಪಟೆ ಗೆರೆ. ಲಾಗ್‌ಗೆ ಬಲಗಡೆಯ ವಕ್ರರೇಖೆಯದೇ ಕನ್ನಡಿ ಪ್ರತಿಬಿಂಬ ಎಡಗಡೆ. ಎರಡೂ ಇರಬಾರದವು. ಎಕ್ಸ್‌ನ ವ್ಯಾಪ್ತಿಯನ್ನು ಫಂಕ್ಷನ್‌ನ ಕ್ಷೇತ್ರಕ್ಕೆ ಸೀಮಿತಗೊಳಿಸಿ.

ಘನಮೂಲದ ಕಥೆ ಬೇರೆ. -8ರ ಘನಮೂಲ -2 ಎಂದು ಹೈಸ್ಕೂಲಿನಲ್ಲೇ ಕಲಿತಿದ್ದೇವೆ. ಆದರೆ (-8)^(1/3) ಎಂದರೆ ಆಕ್ಟೇವ್ ಕೊಡುವುದು ವಾಸ್ತವ ಭಾಗ 1, ಕಾಲ್ಪನಿಕ ಭಾಗ 1.7321 ಇರುವ ಸಂಖ್ಯೆ. ಅದೂ ಘನಮೂಲವೇ, ಮೂರರಲ್ಲಿ ಇನ್ನೊಂದು. ವಾಸ್ತವ ಘನಮೂಲ ಬೇಕಿದ್ದರೆ ಎನ್ಥ್‌ರೂಟ್(ಎಕ್ಸ್, 3), ಕೀಲಿಯಲ್ಲಿ ಎನ್-ಟಿ-ಎಚ್-ಆರ್-ಒ-ಒ-ಟಿ.

ಲಾಗ್ ಎಂದರೆ ಇಲ್ಲಿ ಸಹಜ ಲಾಗರಿದಮ್. 10ರ ಆಧಾರಕ್ಕೆ ಲಾಗ್10. ತ್ರಿಕೋನಮಿತಿ ಫಂಕ್ಷನ್‌ಗಳಿಗೆ ಕೋನ ರೇಡಿಯನ್‌ನಲ್ಲಿರಬೇಕು. ಡಿಗ್ರಿ ಕೊಡಬೇಕಿದ್ದರೆ ಸಿನ್ಡ್, ಕಾಸ್ಡ್ (ಕೊನೆಗೆ ಒಂದು ಡಿ) ಇವೆ.

ಒಂದೊಂದು ಭಾಗದಲ್ಲಿ ಒಂದೊಂದು ಸೂತ್ರ ಇರುವ ಫಂಕ್ಷನ್ ಹೇಗೆ? 'ಇಫ್' ಹಾಕಿದರೆ ತಪ್ಪು ಬರುತ್ತಿದೆ.

ಇಫ್ ಎಕ್ಸ್ < 0 ಎಂದಾಗ ಸಾಲಿನ ಎಲ್ಲ ಸಂಖ್ಯೆಗಳೂ 0ಕ್ಕಿಂತ ಕಡಿಮೆಯಿದ್ದರೆ ಮಾತ್ರ ಷರತ್ತು ನಿಜ. -5ರಿಂದ 5ರವರೆಗಿನ ಸಾಲಿಗೆ ಅದು ಎಂದೂ ನಿಜವಾಗದು, ಇಡೀ ಸಾಲಿಗೆ ಎಲ್ಸ್ ಭಾಗದ ಸೂತ್ರವೇ ಹತ್ತುತ್ತದೆ. ದೋಷ ಸಂದೇಶವೂ ಇಲ್ಲ. ಬದಲಿಗೆ ಸ್ಥಾನಗಳನ್ನು ಆರಿಸಿ ತುಂಬಿ:

ವೈ = ಜೀರೋಸ್(ಸೈಜ್(ಎಕ್ಸ್));
ಎನ್ = ಎಕ್ಸ್ < 0;
ವೈ(ಎನ್) = -ಎಕ್ಸ್(ಎನ್);
ವೈ(~ಎನ್) = ಎಕ್ಸ್(~ಎನ್).^2;

(ಎಕ್ಸ್<0).*(-ಎಕ್ಸ್) + (ಎಕ್ಸ್>=0).*ಎಕ್ಸ್.^2 ಎಂಬ ಒಂದು ಸಾಲಿನ ಉಪಾಯವೂ ಚಾಲ್ತಿಯಲ್ಲಿದೆ. ಒಂದು ಭಾಗದ ಸೂತ್ರ ಇನ್ನೊಂದು ಭಾಗದಲ್ಲಿ ಅನಂತಕ್ಕೆ ಹೋಗುವಂತಿದ್ದರೆ ಅದು ಕೈಕೊಡುತ್ತದೆ: ಸೊನ್ನೆಯನ್ನು ಅನಂತದಿಂದ ಗುಣಿಸಿದರೆ ಸೊನ್ನೆ ಬರುವುದಿಲ್ಲ, ನ್ಯಾನ್ ಬರುತ್ತದೆ. ನಾಲ್ಕು ಸಾಲಿನ ದಾರಿಯೇ ಮೇಲು.

ಎಫ್‌ಪ್ಲಾಟ್ ಬಳಸಿದರೆ ಬಿಂದುಗಳ ಚಿಂತೆ ತಪ್ಪುತ್ತದೆಯೇ?

ಬಹುಮಟ್ಟಿಗೆ.

ಎಫ್ = @(ಎಕ್ಸ್) ಎಕ್ಸ್.^3 - 4*ಎಕ್ಸ್;
ಎಫ್‌ಪ್ಲಾಟ್(ಎಫ್, [-3 3])

@ ಗುರುತಿನಿಂದ ಶುರುವಾಗುವುದು ಹೆಸರಿಲ್ಲದ ಫಂಕ್ಷನ್. ಎಫ್‌ಪ್ಲಾಟ್ ಕೆಲವು ಬಿಂದುಗಳಿಂದ ಆರಂಭಿಸಿ, ಗೆರೆ ಸಾಕಷ್ಟು ನಯವಾಗುವವರೆಗೆ ಬಿಂದುಗಳನ್ನು ಹೆಚ್ಚಿಸುತ್ತ ಹೋಗುತ್ತದೆ. ಮೊದಲೇ ಇರುವ ಸಹನ ಮಿತಿ (ಎಷ್ಟು ದೋಷವನ್ನು ಒಪ್ಪಬಹುದು ಎಂಬುದು) 0.002. ಒಳಗಿನ ಸೂತ್ರಕ್ಕೆ ಚುಕ್ಕಿಗಳು ಇಲ್ಲೂ ಬೇಕು. ಬಹಳ ಸಣ್ಣ ಜಾಗದಲ್ಲಿ ಚೂಪಾಗಿ ಏಳುವ ಶಿಖರವನ್ನು ಇದೂ ತಪ್ಪಿಸಿಕೊಳ್ಳಬಹುದು, ಆರಂಭದ ಬಿಂದುಗಳಲ್ಲಿ ಒಂದೂ ಅದರ ಮೇಲೆ ಬೀಳದಿದ್ದರೆ ಶಿಖರ ಇದೆಯೆಂದು ತಿಳಿಯುವ ದಾರಿಯೇ ಅದಕ್ಕಿಲ್ಲ.

ಹೆಸರಿಲ್ಲದ ಫಂಕ್ಷನ್‌ನಲ್ಲಿ ಇನ್ನೊಂದು ವಿಷಯ. ಎ = 2 ಇಟ್ಟು ಎಫ್ = @(ಎಕ್ಸ್) ಎ*ಎಕ್ಸ್ ಬರೆದು, ಆಮೇಲೆ ಎ = 5 ಮಾಡಿದರೆ ಎಫ್ ಬದಲಾಗುವುದಿಲ್ಲ. ಬರೆದ ಕ್ಷಣದ 2ನ್ನೇ ಅದು ಹಿಡಿದಿಟ್ಟುಕೊಂಡಿರುತ್ತದೆ. ಎಫ್‌ನ ಸಾಲನ್ನು ಮತ್ತೊಮ್ಮೆ ಓಡಿಸಬೇಕು.

ಒಂದೇ ಚಿತ್ರದಲ್ಲಿ ಹಲವು ವಕ್ರರೇಖೆಗಳು?

ಮೊದಲ ಪ್ಲಾಟ್ ಆದಮೇಲೆ ಹೋಲ್ಡ್ ಆನ್ ಎನ್ನಿ. ಇಲ್ಲದಿದ್ದರೆ ಹೊಸ ಪ್ಲಾಟ್ ಹಳೆಯದನ್ನು ಅಳಿಸುತ್ತದೆ. ಮುಗಿದ ಮೇಲೆ ಹೋಲ್ಡ್ ಆಫ್. ಮರೆತರೆ ಮುಂದಿನ ಲೆಕ್ಕದ ಗ್ರಾಫೂ ಇದರ ಮೇಲೆಯೇ ಬಂದು ಕೂರುತ್ತದೆ. ಪ್ರತಿ ಸ್ಕ್ರಿಪ್ಟ್‌ನ (ಆದೇಶಗಳನ್ನು ಬರೆದಿಟ್ಟ ಕಡತದ) ಮೊದಲಿಗೆ, ತೆರೆದಿರುವ ಚಿತ್ರಗಳನ್ನೆಲ್ಲ ಮುಚ್ಚುವ ಕ್ಲೋಸ್ ಆಲ್ ಇಡುವುದು ಒಳ್ಳೆಯ ರೂಢಿ.

ಬಣ್ಣಗಳು ಏಳು, ಎಂಟನೆಯ ಗೆರೆಗೆ ಮೊದಲನೆಯ ಬಣ್ಣವೇ ಮರಳುತ್ತದೆ. ಜೆರಾಕ್ಸ್ ಮಾಡಿಸುವ ಚಿತ್ರವಾದರೆ ಬಣ್ಣ ಹೇಗೂ ಉಳಿಯುವುದಿಲ್ಲ, ಗೆರೆಯ ಬಗೆಯನ್ನೇ ಬದಲಿಸಿ: '-' ಇಡೀ ಗೆರೆ, '--' ತುಂಡುಗೆರೆ, ':' ಚುಕ್ಕಿಗೆರೆ, '-.' ಎರಡರ ಬೆರಕೆ. ದಪ್ಪಕ್ಕೆ 'ಲೈನ್‌ವಿಡ್ತ್', 2. ಯಾವುದು ಯಾವುದೆಂದು ತಿಳಿಸಲು ಲೆಜೆಂಡ್('...', '...'), ಹೆಸರುಗಳ ಕ್ರಮ ಬಿಡಿಸಿದ ಕ್ರಮವೇ ಆಗಿರಬೇಕು.

ಲೂಪ್‌ನೊಳಗೆ ಬಿಡಿಸಿದ್ದು ಲೂಪ್ ಮುಗಿಯುವವರೆಗೆ ಕಾಣದಿದ್ದರೆ, ಪ್ಲಾಟ್‌ನ ಕೆಳಗೆ ಡ್ರಾನೌ (ಡಿ-ಆರ್-ಎ-ಡಬ್ಲ್ಯು-ಎನ್-ಒ-ಡಬ್ಲ್ಯು) ಸೇರಿಸಿ.

ವೃತ್ತ ಬಿಡಿಸಿದರೆ ಮೊಟ್ಟೆಯಂತೆ ಬರುತ್ತದೆ.

ಎರಡು ಅಕ್ಷಗಳ ಮೇಲೆ ಒಂದು ಮಾನದ ಉದ್ದ ಬೇರೆಬೇರೆಯಾಗಿದೆ. ಆಕ್ಸಿಸ್ ಈಕ್ವಲ್ ಎನ್ನಿ. ವೃತ್ತವನ್ನು ವೈ = ವರ್ಗಮೂಲ(1 - ಎಕ್ಸ್²) ಎಂದು ಎರಡು ಅರ್ಧಗಳಾಗಿ ಬಿಡಿಸಬೇಡಿ; ಎಡ ಬಲ ತುದಿಗಳಲ್ಲಿ ಗೆರೆ ನೆಟ್ಟಗೆ ಏಳುವುದರಿಂದ ಅಲ್ಲಿ ಬಿಂದುಗಳು ವಿರಳವಾಗಿ ಮೂಲೆ ಮೂಲೆಯಾಗುತ್ತದೆ. ಟಿ ಎಂಬ ಕೋನವನ್ನು 0ಯಿಂದ 2*ಪೈವರೆಗೆ ತೆಗೆದುಕೊಂಡು ಪ್ಲಾಟ್(ಕಾಸ್(ಟಿ), ಸಿನ್(ಟಿ)) ಮಾಡಿದರೆ ಬಿಂದುಗಳು ಪರಿಧಿಯ ಮೇಲೆ ಸಮವಾಗಿ ಹರಡುತ್ತವೆ.

ವೈ ಅನ್ನು ಬಿಡಿಸಿ ಬರೆಯಲಾಗದ ಸಮೀಕರಣಗಳಿಗೆ, ಉದಾಹರಣೆಗೆ ಎಕ್ಸ್³ + ವೈ³ = 3ಎಕ್ಸ್‌ವೈ, ಮೆಶ್‌ಗ್ರಿಡ್‌ನಿಂದ ಜಾಲ ಮಾಡಿ, ಎಲ್ಲವನ್ನೂ ಒಂದೇ ಬದಿಗೆ ತಂದು ಜೆಡ್ ಎಂದು ಕರೆದು, ಕಾಂಟೂರ್(ಎಕ್ಸ್, ವೈ, ಜೆಡ್, [0 0]) ಎನ್ನಿ. ಸೊನ್ನೆಯನ್ನು ಎರಡು ಸಲ ಬರೆಯುವುದು ಕೈತಪ್ಪಲ್ಲ. ಒಂದೇ 0 ಬರೆದರೆ ಅದನ್ನು 'ಎಷ್ಟು ಗೆರೆಗಳು' ಎಂಬ ಎಣಿಕೆಯಾಗಿ ಓದಲಾಗುತ್ತದೆ.

ಬಹಳ ಹತ್ತಿರಕ್ಕೆ ಹಿಗ್ಗಿಸಿ ನೋಡಿದರೆ ನಯವಾದ ಫಂಕ್ಷನ್ ಗರಗಸದಂತೆ ಕಾಣುತ್ತದೆ. ಬಿಂದು ಹೆಚ್ಚಿಸಿದರೂ ಹೋಗುತ್ತಿಲ್ಲ.

ಇದು ಬಿಂದುಗಳ ಕೊರತೆಯಲ್ಲ, ಅಂಕಿಗಳ ಕೊರತೆ. ಆಕ್ಟೇವ್ ಒಂದು ಸಂಖ್ಯೆಯಲ್ಲಿ ಸುಮಾರು 16 ಅಂಕಿಗಳನ್ನಷ್ಟೇ ಇಟ್ಟುಕೊಳ್ಳುತ್ತದೆ. (1 - ಕಾಸ್(ಎಕ್ಸ್))./ಎಕ್ಸ್.^2 ತೆಗೆದುಕೊಳ್ಳಿ, ಸೊನ್ನೆಯ ಹತ್ತಿರ ಬೆಲೆ 0.5 ಇರಬೇಕು. -0.0000001ರಿಂದ 0.0000001ರವರೆಗೆ 500 ಬಿಂದುಗಳಲ್ಲಿ ಬಿಡಿಸಿ. ಅಂಚಿನಲ್ಲಿ ಸಣ್ಣ ಹಲ್ಲುಗಳು, ಒಳಕ್ಕೆ ಬಂದಂತೆ ಹಲ್ಲುಗಳು ದೊಡ್ಡವು, ನಟ್ಟನಡುವೆ ಒಮ್ಮೆಲೇ 1ರ ಹತ್ತಿರದಿಂದ 0ಗೆ ಕುಸಿತ. ಎಕ್ಸ್ ಅಷ್ಟು ಚಿಕ್ಕದಾದಾಗ ಕಾಸ್(ಎಕ್ಸ್) 1ಕ್ಕೆ ಎಷ್ಟು ಸಮೀಪವೆಂದರೆ 16 ಅಂಕಿಗಳಲ್ಲಿ ಅದು 1 ಆಗಿಯೇ ನಿಲ್ಲುತ್ತದೆ. 1ರಿಂದ 1 ಕಳೆದರೆ ಉಳಿಯುವುದೇನು?

ಸೂತ್ರವನ್ನೇ ಬೇರೆ ರೂಪದಲ್ಲಿ ಬರೆಯಬೇಕು. 1 - ಕಾಸ್(ಎಕ್ಸ್) ಎಂದರೆ 2 ಸಿನ್²(ಎಕ್ಸ್/2), ಪಿಯುಸಿಯ ಸೂತ್ರ. 2*(ಸಿನ್(ಎಕ್ಸ್/2)./ಎಕ್ಸ್).^2 ಎಂದು ಬರೆದು ಬಿಡಿಸಿದರೆ 0.5ರ ಮೇಲೆ ನೇರ ಗೆರೆ ಬರುತ್ತದೆ. ಹೆಚ್ಚುಕಡಿಮೆ ಸಮಾನವಾದ ಎರಡು ಸಂಖ್ಯೆಗಳನ್ನು ಕಳೆಯುವ ಸೂತ್ರ ಎಲ್ಲೇ ಕಂಡರೂ ಈ ಅಪಾಯ ಇದೆ.

ಬೆಲೆಗಳು 1ರಿಂದ ಕೋಟಿಯವರೆಗೆ ಏರುತ್ತವೆ, ಆರಂಭ ಕಾಣುವುದೇ ಇಲ್ಲ.

ಪ್ಲಾಟ್ ಬದಲು ಸೆಮಿಲಾಗ್‌ವೈ ಬಳಸಿ. ಘಾತೀಯವಾಗಿ ಏರುವುದು ಅದರಲ್ಲಿ ನೇರ ಗೆರೆಯಾಗುತ್ತದೆ. ಎಕ್ಸ್‌ನ ಘಾತವಾಗಿ ಏರುವುದಾದರೆ ಲಾಗ್‌ಲಾಗ್. ಆಗ ಗೆರೆಯ ಇಳಿಜಾರೇ ಘಾತಾಂಕ. ಸೊನ್ನೆ ಮತ್ತು ಋಣ ಬೆಲೆಗಳಿಗೆ ಈ ಅಕ್ಷಗಳಲ್ಲಿ ಜಾಗವಿಲ್ಲ.

ಸೂತ್ರವನ್ನು ವಾಟ್ಸಾಪ್‌ನಿಂದಲೋ ಪಿಡಿಎಫ್‌ನಿಂದಲೋ ನಕಲು ಮಾಡಿದರೆ 'ಪಾರ್ಸ್ ಎರರ್' ಬರುತ್ತದೆ.

ನೋಡಲು ಒಂದೇ, ಒಳಗಿನ ಅಕ್ಷರ ಬೇರೆ. ಪಿಡಿಎಫ್‌ನ ಕಳೆಯುವ ಗುರುತು ಹಲವು ಸಲ ಉದ್ದ ಅಡ್ಡಗೆರೆಯಾಗಿರುತ್ತದೆ, ಉದ್ಧರಣ ಚಿಹ್ನೆಗಳು ಬಾಗಿದವಾಗಿರುತ್ತವೆ. ಎರಡನ್ನೂ ಅಳಿಸಿ ಕೀಲಿಮಣೆಯಿಂದ ಮತ್ತೆ ಒತ್ತಿ. ಕನ್ನಡ ಕೀಲಿಮಣೆ ಚಾಲೂ ಇದ್ದು ೧, ೨ ಎಂಬ ಅಂಕಿಗಳು ಬಿದ್ದರೂ ಇದೇ ಗತಿ.

ಕಡತದ ಹೆಸರೂ ತೊಂದರೆ ಕೊಡುತ್ತದೆ. ಸ್ಕ್ರಿಪ್ಟ್‌ಗೆ ಪ್ಲಾಟ್ ಅಥವಾ ಸಿನ್ ಎಂದೇ ಹೆಸರಿಟ್ಟರೆ ಆಕ್ಟೇವ್‌ನ ಮೂಲ ಆದೇಶದ ಬದಲು ನಿಮ್ಮ ಕಡತ ಓಡುತ್ತದೆ. ಅಂಕಿಯಿಂದ ಶುರುವಾಗುವ, ನಡುವೆ ಜಾಗವಿರುವ ಹೆಸರು ಬೇಡ. ಹಾಗೆಯೇ ಸ್ಕ್ರಿಪ್ಟ್‌ನ ಮೊದಲ ಆದೇಶವೇ ಫಂಕ್ಷನ್ ವ್ಯಾಖ್ಯೆಯಾಗಿದ್ದರೆ ಇಡೀ ಕಡತವನ್ನು ಫಂಕ್ಷನ್ ಕಡತವೆಂದು ಆಕ್ಟೇವ್ ತಿಳಿಯುತ್ತದೆ. ಅದನ್ನು ತಪ್ಪಿಸಲು ಮೊದಲ ಸಾಲಿನಲ್ಲಿ 1; ಎಂದಷ್ಟೇ ಬರೆಯುವುದು ವಾಡಿಕೆ.

ಟರ್ಮಿನಲ್‌ನಿಂದ ಓಡಿಸಿದರೆ ಗ್ರಾಫ್ ಮಿಂಚಿ ಮಾಯವಾಗುತ್ತದೆ. ಕೆಲವು ಕಂಪ್ಯೂಟರ್‌ಗಳಲ್ಲಿ ಕಿಟಕಿ ಖಾಲಿ.

ಸ್ಕ್ರಿಪ್ಟ್ ಮುಗಿದೊಡನೆ ಆಕ್ಟೇವ್ ಮುಚ್ಚಿಕೊಳ್ಳುತ್ತದೆ, ಕಿಟಕಿಯೂ ಅದರೊಂದಿಗೆ ಹೋಗುತ್ತದೆ. ಕೊನೆಯ ಸಾಲಾಗಿ ವೇಟ್‌ಫಾರ್(ಜಿಸಿಎಫ್) ಸೇರಿಸಿ. ನೀವು ಕಿಟಕಿ ಮುಚ್ಚುವವರೆಗೆ ಅದು ಕಾಯುತ್ತದೆ.

ಖಾಲಿ ಅಥವಾ ಕಪ್ಪು ಕಿಟಕಿಗೆ ಹಳೆಯ ಗ್ರಾಫಿಕ್ಸ್ ಡ್ರೈವರ್ ಕಾರಣವಿರಬಹುದು, ಏಕೆಂದರೆ ಮಾಮೂಲಿ ಚಿತ್ರಣ ಆ ಡ್ರೈವರನ್ನು ನೆಚ್ಚಿರುವ ಓಪನ್‌ಜಿಎಲ್ ಎಂಬ ವ್ಯವಸ್ಥೆಯ ಮೂಲಕ ನಡೆಯುತ್ತದೆ. ಗ್ನೂಪ್ಲಾಟ್ ಎಂಬ, ಗ್ರಾಫ್ ಬಿಡಿಸುವ ಬೇರೊಂದು ತಂತ್ರಾಂಶ ಇದ್ದರೆ, ಯಾವುದೇ ಚಿತ್ರ ತೆರೆಯುವ ಮೊದಲು ಗ್ರಾಫಿಕ್ಸ್_ಟೂಲ್‌ಕಿಟ್('ಗ್ನೂಪ್ಲಾಟ್') ಎಂದು ಬದಲಿಸಿ ನೋಡಿ.

ಅಕ್ಷಗಳಿಗೆ ಕನ್ನಡದಲ್ಲಿ ಹೆಸರು ಹಾಕಬಹುದೇ?

ಹಾಕಬಹುದು, ಆದರೆ ಸದ್ಯಕ್ಕೆ ಚೆನ್ನಾಗಿ ಬರುವುದಿಲ್ಲ. ಮೊದಲು ಕನ್ನಡ ಅಕ್ಷರಗಳಿರುವ ಫಾಂಟ್‌ನ ಹೆಸರನ್ನು 'ಫಾಂಟ್‌ನೇಮ್' ಜೊತೆ ಕೊಡಬೇಕು. ಇಲ್ಲದಿದ್ದರೆ ಬರೀ ಚೌಕಗಳು ಮೂಡಬಹುದು. ಫಾಂಟ್ ಸಿಕ್ಕಿದರೂ ಆಕ್ಟೇವ್ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುತ್ತದೆಯೇ ಹೊರತು ಒತ್ತಕ್ಷರಗಳನ್ನು ಕೂಡಿಸುವುದಿಲ್ಲ. 'ಅಕ್ಷ' ಎಂಬುದು ಕ್ ಮತ್ತು ಷ ಬಿಡಿಯಾಗಿ ಕಾಣುತ್ತದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಸಿದ್ಧಪಡಿಸುವವರಿಗೆ ನಾವು ಹೇಳುವುದು: ಗ್ರಾಫನ್ನು ಹೆಸರುಗಳಿಲ್ಲದೆ ಎಸ್‌ವಿಜಿಯಾಗಿ ಉಳಿಸಿ, ಇಂಕ್‌ಸ್ಕೇಪ್ ಎಂಬ ಚಿತ್ರ ತಂತ್ರಾಂಶದಲ್ಲಿ ತೆರೆದು ಕನ್ನಡ ಬರೆಯಿರಿ. ಐದು ನಿಮಿಷದ ಹೆಚ್ಚಿನ ಕೆಲಸ, ಆದರೆ ಮಕ್ಕಳ ಕೈಗೆ ಮುರುಕು ಅಕ್ಷರ ಕೊಡುವುದು ತಪ್ಪುತ್ತದೆ.

ಚಿತ್ರವನ್ನು ಉಳಿಸುವುದು ಹೇಗೆ?

ಪ್ರಿಂಟ್('-ಡಿಪಿಎನ್‌ಜಿ', '-ಆರ್300', 'ಗ್ರಾಫ್.ಪಿಎನ್‌ಜಿ') ಎಂದರೆ ಇಂಚಿಗೆ 300 ಚುಕ್ಕಿಗಳ ಚಿತ್ರ, ಮುದ್ರಣಕ್ಕೆ ಸಾಕು. ಪರದೆಯ ಫೋಟೊ ತೆಗೆದು ರೆಕಾರ್ಡ್‌ಗೆ ಅಂಟಿಸಬೇಡಿ, ಗೆರೆಗಳು ಮಸುಕಾಗುತ್ತವೆ. '-ಡಿಪಿಡಿಎಫ್' ಕೊಟ್ಟರೆ ಇಡೀ ಪುಟದ ನಡುವೆ ಚಿತ್ರ ಕೂರುತ್ತದೆ. ಸುತ್ತಲಿನ ಬಿಳಿ ಜಾಗ ಬೇಡವಾದರೆ ಹೊಸ ಆವೃತ್ತಿಗಳಲ್ಲಿ '-ಡಿಪಿಡಿಎಫ್‌ಕ್ರಾಪ್' ಇದೆ.

ಎರಡು ಚರಗಳ ಫಂಕ್ಷನ್?

[ಎ, ಬಿ] = ಮೆಶ್‌ಗ್ರಿಡ್(ಲಿನ್‌ಸ್ಪೇಸ್(-8, 8, 41));
ಆರ್ = ಎಸ್‌ಕ್ಯುಆರ್‌ಟಿ(ಎ.^2 + ಬಿ.^2) + ಇಪಿಎಸ್;
ಸರ್ಫ್(ಎ, ಬಿ, ಸಿನ್(ಆರ್)./ಆರ್)

ಇದು ಅಗಲ ಅಂಚಿನ ಟೋಪಿಯಂಥ ಮೇಲ್ಮೈ. ಇಪಿಎಸ್ ಎಂಬ ಅತಿ ಸಣ್ಣ ಸಂಖ್ಯೆಯನ್ನು ಕೂಡಿಸಿದ್ದು ನಡುವೆ 0/0 ಆಗದಿರಲೆಂದು. ಇದೇ ಚಿತ್ರಕ್ಕೆ ಆಕ್ಟೇವ್‌ನಲ್ಲಿ ಸಾಂಬ್ರೆರೋ ಎಂಬ ಸಿದ್ಧ ಆದೇಶವೂ ಇದೆ. 41ಕ್ಕೆ 41 ಎಂದರೆ 1681 ಬಿಂದುಗಳು. ಒಂದು ಚರದ ಗ್ರಾಫ್‌ನ ಅಭ್ಯಾಸಬಲದಿಂದ 1000 ಹಾಕಿದರೆ 10 ಲಕ್ಷ ಬಿಂದುಗಳಾಗಿ ಸಾಧಾರಣ ಲ್ಯಾಪ್‌ಟಾಪ್ ತಿಣುಕುತ್ತದೆ. 40ರಿಂದ 100ರೊಳಗೆ ಇರಲಿ.

ಕಾಲೇಜಿನಲ್ಲಿ ಪೈಥಾನ್ ಕಲಿಸುತ್ತಾರೆ. ಇದೆಲ್ಲ ಅಲ್ಲಿಗೂ ಹೊಂದುತ್ತದೆಯೇ?

ಬಿಂದುಗಳ ಮಾತು, ನ್ಯಾನ್, ಟ್ಯಾನ್, ಅಂಕಿಗಳ ಕೊರತೆ ಎಲ್ಲವೂ ಹಾಗೆಯೇ ಹೊಂದುತ್ತವೆ. ಗುರುತುಗಳು ಬೇರೆ. ಪೈಥಾನ್‌ನಲ್ಲಿ ಸಂಖ್ಯಾ ಸಾಲುಗಳ ಲೆಕ್ಕಕ್ಕೆ ಬಳಸುವ ನಂಪೈಯಲ್ಲಿ * ಮತ್ತು / ಬಿಡಿಬಿಡಿಯಾಗಿಯೇ ಲೆಕ್ಕ ಮಾಡುತ್ತವೆ, ಚುಕ್ಕಿ ಬೇಡ, ಘಾತಕ್ಕೆ **  ಬರೆಯಬೇಕು. ಅಲ್ಲಿನ ಲಿನ್‌ಸ್ಪೇಸ್ ತಾನಾಗಿ ತೆಗೆದುಕೊಳ್ಳುವುದು 50 ಬಿಂದು, 100 ಅಲ್ಲ. ಋಣಸಂಖ್ಯೆಯ ವರ್ಗಮೂಲಕ್ಕೆ ನಂಪೈ ಎಚ್ಚರಿಕೆ ನೀಡಿ ನ್ಯಾನ್ ಕೊಡುತ್ತದೆ, ಹಾಗಾಗಿ ಎಡಗಡೆಯ ಸುಳ್ಳು ಗೆರೆ ಅಲ್ಲಿ ಮೂಡುವುದಿಲ್ಲ.

ಮ್ಯಾಟ್‌ಲ್ಯಾಬ್‌ಗೂ ಕಳಿಸಬೇಕಾದ ಸ್ಕ್ರಿಪ್ಟ್ ಆದರೆ ಟಿಪ್ಪಣಿಗೆ # ಬದಲು %, ಎಂಡ್‌ಇಫ್ ಬದಲು ಬರೀ ಎಂಡ್, ಪಠ್ಯಕ್ಕೆ ಒಂಟಿ ಉದ್ಧರಣ ಚಿಹ್ನೆ ಬಳಸಿ. ಆಗ ಒಂದೇ ಕಡತ ಎರಡೂ ಕಡೆ ಓಡುತ್ತದೆ.